ಹೊಸ ಊರಲ್ಲಿ ಒಳ್ಳೆ ಊಟ-ತಿಂಡಿ ಜಾಗ ಹೇಗೆ ಹುಡುಕ್ತೀರಾ?

ಪಾಸ್ ಪ್ಯಾಸೆಂಜರ್, ತುಮಕೂರು

ನಮಸ್ಕಾರ ಎಲ್ಲರಿಗೂ. ನಾನು ತುಮಕೂರಿಂದ ದಿನಾ ಟ್ರೈನ್‌ನಲ್ಲಿ ಬೆಂಗಳೂರಿಗೆ ಹೋಗಿ ಬರೋನು. ನಾನು ಮನೆ ಬಿಡೋ ಹೊತ್ತಿಗೆ ಮನೇಲಿ ಇನ್ನೂ ಒಲೆ ಹಚ್ಚಿರಲ್ಲ. ಹಾಗಾಗಿ ತಿಂಡಿ ಹೊರಗೆ, ಎಷ್ಟೋ ಸಲ ಮಧ್ಯಾಹ್ನದ ಊಟಾನೂ ಹೊರಗೆ. ಕೆಲಸದ ಮೇಲೆ ಆಗಾಗ ಬೇರೆ ಊರಿಗೂ ಹೋಗ್ತೀನಿ. ಎಲ್ಲಿ ತಿನ್ನೋದು ಅನ್ನೋದು ನನಗೆ ಸಣ್ಣ ವಿಷಯ ಅಲ್ಲ.

ನಮ್ಮೂರಲ್ಲಿ ಈ ಕಷ್ಟ ಇಲ್ಲ. ತಟ್ಟೆ ಇಡ್ಲಿ ಅಂದ್ರೆ ಕ್ಯಾತ್ಸಂದ್ರ. ಅದಕ್ಕೆ ಯಾರೂ ಫೋನ್ ತೆಗೆಯಲ್ಲ. ಆ ಇಡ್ಲಿ ತಿಂದು ಬೆಳೆದವರಿಗೆ ತಟ್ಟೆಯಿಂದ ಇಡ್ಲಿ ಎಬ್ಬಿಸೋದು ನೋಡಿದ್ರೇ ಗೊತ್ತಾಗುತ್ತೆ. ಹದವಾಗಿ ಬೆಂದಿದ್ರೆ ಅಂಚು ತಾನಾಗೇ ಬಿಡುತ್ತೆ, ತಟ್ಟೆಗೆ ಚೂರೂ ಅಂಟಲ್ಲ. ಬೆರಳಲ್ಲಿ ಒತ್ತಿದ್ರೆ ತಗ್ಗಾಗಿ ಮತ್ತೆ ಮೇಲೆ ಬರುತ್ತೆ. ಮೇಲಿಟ್ಟ ಬೆಣ್ಣೆ ಎರಡನೇ ತುತ್ತಿನ ಹೊತ್ತಿಗೆ ಕರಗಿ ಒಳಗೆ ಇಳಿದಿರಬೇಕು. ಬೆಣ್ಣೆ ಹಾಗೇ ಗಟ್ಟಿಯಾಗಿ ಕೂತಿದ್ರೆ ಇಡ್ಲಿ ಮೊದಲೇ ಇಳಿಸಿಟ್ಟಿದ್ದು ಅಂತ ಅರ್ಥ.

ಬೆಂಗಳೂರಲ್ಲಿ 'ತುಮಕೂರು ತಟ್ಟೆ ಇಡ್ಲಿ' ಬೋರ್ಡ್ ಬೀದಿಗೊಂದು ಇದೆ. ಬೋರ್ಡ್ ನೋಡಿ ಒಳಗೆ ಹೋದ್ರೆ ಕೆಲವು ಕಡೆ ಚೆನ್ನಾಗಿರುತ್ತೆ, ಕೆಲವು ಕಡೆ ಒಂದು ತುತ್ತಿಗೇ ಸಾಕಾಗುತ್ತೆ. ಇಷ್ಟು ವರ್ಷದ ಓಡಾಟದಲ್ಲಿ ನಾನು ಕಂಡುಕೊಂಡಿದ್ದು ಏನಪ್ಪಾ ಅಂದ್ರೆ, 'ಇಲ್ಲಿ ಒಳ್ಳೆ ಹೋಟೆಲ್ ಯಾವುದು' ಅಂತ ಯಾರನ್ನೂ ಕೇಳಬಾರದು. ಆ ಪ್ರಶ್ನೆಗೆ ಎಲ್ಲರೂ ದೊಡ್ಡ ಹೆಸರನ್ನೇ ಹೇಳ್ತಾರೆ. 'ಈಗ ಎಂಟು ಗಂಟೆ, ಬಿಸಿ ಖಾರಾಬಾತ್ ಎಲ್ಲಿ ಸಿಗುತ್ತೆ' ಅಂತ ಕೇಳಿ ನೋಡಿ. ಜನ ಒಂದು ಕ್ಷಣ ಯೋಚನೆ ಮಾಡಿ ಹೇಳ್ತಾರೆ. ಆ ಉತ್ತರ ಬಹಳ ಸಲ ಸರಿಯಾಗಿರುತ್ತೆ. ಒಂದೇ ಹೋಟೆಲ್‌ನಲ್ಲಿ ಬೆಳಗ್ಗೆ ಇಡ್ಲಿ ಚೆನ್ನಾಗಿರುತ್ತೆ, ಸಂಜೆ ಅದೇ ಇಡ್ಲಿ ಬೇಡ ಅನ್ಸುತ್ತೆ.

ನೀವು ಹೇಗೆ ಹುಡುಕ್ತೀರಾ ಹೇಳಿ. ಬರೀ ಹೆಸರು ಬೇಡ. ಏನು ತಿನ್ನಬೇಕು, ಯಾವ ಹೊತ್ತಿಗೆ ಹೋಗಬೇಕು, ಯಾವತ್ತು ರಜಾ, ಅದನ್ನೂ ಸೇರಿಸಿ.

ಬಟವಾಡಿ ಬಾಯ್

ಆಟೋ ಅಣ್ಣಂದಿರನ್ನ ಕೇಳಿ ಸಾರ್. ಅವರಿಗೆ ಗೊತ್ತಿಲ್ಲದ ಜಾಗ ಇಲ್ಲ.

ಚಿಂತಾಮಣಿ ಮಂಡಿ

ಆಟೋದವರನ್ನ ಕೇಳೋದು ಸರಿ, ಆದ್ರೆ ಕೇಳೋ ರೀತಿ ಇದೆ. 'ಒಳ್ಳೆ ಹೋಟೆಲ್‌ಗೆ ಬಿಡಿ' ಅಂದ್ರೆ ನಿಮ್ಮ ಬಟ್ಟೆ, ಬ್ಯಾಗು ನೋಡಿ ಎಸಿ ಹೋಟೆಲ್ ಮುಂದೆ ನಿಲ್ಲಿಸ್ತಾರೆ. 'ಅಣ್ಣ, ನೀವು ಎಲ್ಲಿ ತಿಂತೀರಾ' ಅಂತ ಕೇಳಿ. ಆಗ ಬೇರೆ ಕಡೆ ಕೈ ತೋರಿಸ್ತಾರೆ.

ನನ್ನದು ಟೊಮೇಟೊ ವ್ಯಾಪಾರ. ಕೋಲಾರ ಎಪಿಎಂಸಿ ನನಗೆ ಎರಡನೇ ಮನೆ. ಲೋಡ್ ಜೊತೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್, ಚೆನ್ನೈನ ಕೋಯಂಬೇಡು ಎಲ್ಲ ಕಡೆ ಹೋಗಿದ್ದೀನಿ. ಯಾವ ಊರಾದ್ರೂ ಸರಿ, ನಾನು ಮೊದಲು ನೋಡೋದು ಸಗಟು ಮಾರ್ಕೆಟ್ ಪಕ್ಕದ ತಿಂಡಿ ಜಾಗ. ಕಾರಣ ಇದೆ. ಹಮಾಲರು ನಸುಕಿನಿಂದ ಮೂಟೆ, ಕ್ರೇಟ್ ಹೊರ್ತಾರೆ. ಅವರಿಗೆ ಹೊಟ್ಟೆ ತುಂಬಬೇಕು, ರೇಟು ಕಡಿಮೆ ಇರಬೇಕು, ಹೊಟ್ಟೆ ಕೆಡಬಾರದು. ಕೆಟ್ರೆ ಅವತ್ತಿನ ಕೂಲಿ ಹೋಯ್ತು. ಅಂಥ ಗಿರಾಕಿಗಳನ್ನ ವರ್ಷಗಟ್ಟಲೆ ಉಳಿಸಿಕೊಂಡಿರೋ ಜಾಗ ಕೆಟ್ಟದಾಗಿರೋಕೆ ಸಾಧ್ಯ ಇಲ್ಲ. ತರಕಾರೀನೂ ಎದುರಿಗೇ ಸಿಗುತ್ತೆ, ಹಳೇದು ಹಾಕೋ ಅಗತ್ಯ ಬರಲ್ಲ.

ಒಂದೇ ಷರತ್ತು. ಬೆಳಗ್ಗೆ ಒಂಬತ್ತರ ಒಳಗೆ ಹೋಗಿ. ಹರಾಜು ಮುಗಿದ ಮೇಲೆ ಪಾತ್ರೆ ತೊಳೆಯೋದು ಮಾತ್ರ ಕಾಣುತ್ತೆ.

ಮುಳಬಾಗಿಲು ಮಗಳು

ದೋಸೆ ಬಗ್ಗೆ ನಾನು ಹೇಳ್ಲೇಬೇಕು. ಬೆಂಗಳೂರಲ್ಲಿ 'ಮುಳಬಾಗಿಲು ದೋಸೆ' ಅಂತ ಬೋರ್ಡ್ ಹಾಕಿದ ಅಂಗಡಿ ಈಗ ಜಾಸ್ತಿ ಆಗಿವೆ. ಸಂತೋಷ. ಆದ್ರೆ ಪೇಪರ್ ಥರ ತೆಳ್ಳಗೆ ಎಳೆದು ಕೊಟ್ರೆ ಅದು ನಮ್ಮೂರ ದೋಸೆ ಅಲ್ಲ. ನಮ್ಮದು ಕೈಗೆ ಭಾರ ಸಿಗುತ್ತೆ. ತಳ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಒಳಗಡೆ ಕೆಂಪು ಚಟ್ನಿ ಸವರಿ, ಆಲೂಗಡ್ಡೆ ಪಲ್ಯ ಇಟ್ಟು, ತುಪ್ಪ ಧಾರಾಳವಾಗಿ ಬಿಡ್ತಾರೆ. ಮುರಿದಾಗ ಮೊದಲು ಗರಿ ಸದ್ದು ಬರಬೇಕು, ಆಮೇಲೆ ಒಳಗಿನ ಮೆದು ಭಾಗ ಸಿಗಬೇಕು. ಎರಡೂ ಒಂದೇ ತುತ್ತಲ್ಲಿ ಇರಬೇಕು.

ತಿರುಪತಿಗೆ ಕಾರಲ್ಲಿ ಹೋಗೋರು ಬಹಳ ಜನ ನಮ್ಮೂರ ಮೇಲೇ ಹೋಗ್ತೀರಾ, ಅಲ್ವಾ? ಹೈವೇಲಿ ದೊಡ್ಡ ಪಾರ್ಕಿಂಗ್ ನೋಡಿ ನಿಲ್ಲಿಸಬೇಡಿ. ಊರೊಳಗೆ ಬನ್ನಿ. ಕುರುಡುಮಲೆ ಗಣಪನ ದರ್ಶನಾನೂ ಮಾಡ್ಕೊಂಡು ಹೋಗಬಹುದು. ಹೊಸ ಊರಲ್ಲಿ ದೋಸೆ ಅಂಗಡಿ ಪರೀಕ್ಷೆ ಮಾಡೋಕೆ ನಾನು ಕಾವಲಿ ಹತ್ತಿರ ನಿಂತು ನೋಡ್ತೀನಿ. ಪ್ರತಿ ಸಲ ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ ಆಮೇಲೆ ಹಿಟ್ಟು ಹುಯ್ಯೋರು ಕೆಲಸ ಗೊತ್ತಿರೋರು. ಆರ್ಡರ್ ಬರೋ ಮುಂಚೆ ಹತ್ತು ದೋಸೆ ಹುಯ್ದು ಪೇರಿಸಿಟ್ಟಿದ್ರೆ ನಾನು ಟೋಕನ್ ತಗೊಳಲ್ಲ.

ಪಾಸ್ ಪ್ಯಾಸೆಂಜರ್, ತುಮಕೂರು

ಮಂಡಿ ಅಣ್ಣ, ಹಮಾಲರ ವಿಷಯ ನೂರಕ್ಕೆ ನೂರು ನಿಜ. ನಮ್ಮ ಅಂತರಸನಹಳ್ಳಿ ಮಾರ್ಕೆಟ್ ಹತ್ತಿರಾನೂ ಹಾಗೇ.

ಮುಳಬಾಗಿಲು ಅಕ್ಕ, ಕಾವಲಿ ನೋಡೋದು ಇವತ್ತಿಂದ ನಾನೂ ಶುರು ಮಾಡ್ತೀನಿ.

ಗುಬ್ಬಿಯವಳು

ನಾನು ಹೆಣ್ಣುಮಗಳಾಗಿ ಇದನ್ನ ಬೇರೆ ಥರ ನೋಡ್ತೀನಿ. ರುಚಿ ಆಮೇಲೆ. ಮೊದಲು, ಒಬ್ಬಳೇ ಹೋಗಿ ನೆಮ್ಮದಿಯಾಗಿ ತಿಂದು ಬರೋಕೆ ಆಗುತ್ತಾ? ಎಷ್ಟೋ ಪ್ರಸಿದ್ಧ ಜಾಗಗಳಲ್ಲಿ ಊಟ ಚೆನ್ನಾಗಿರುತ್ತೆ, ಆದ್ರೆ ಟೇಬಲ್‌ಗೆ ಗೊತ್ತಿಲ್ಲದ ನಾಲ್ಕು ಜನರ ಮಧ್ಯೆ ಕೂರಿಸ್ತಾರೆ. 'ಫ್ಯಾಮಿಲಿ ರೂಮಿಗೆ ಹೋಗಿ ಮೇಡಂ' ಅಂತಾರೆ, ಅಲ್ಲಿ ಬೆಳಕೂ ಇರಲ್ಲ, ಗಾಳೀನೂ ಇರಲ್ಲ.

ಅದಕ್ಕೇ ನನಗೆ ದರ್ಶಿನಿಗಳ ಮೇಲೆ ಪ್ರೀತಿ. ಬೆಂಗಳೂರಲ್ಲಿ 1980ರ ದಶಕದಲ್ಲಿ ಶುರುವಾದ ಈ ಪದ್ಧತಿ ಹೆಣ್ಮಕ್ಕಳಿಗೆ ಎಷ್ಟು ಅನುಕೂಲ ಮಾಡಿತು ಅಂತ ಯಾರೂ ಹೇಳಲ್ಲ. ದುಡ್ಡು ಕೊಡಿ, ಟೋಕನ್ ತಗೊಳಿ, ನಿಂತು ತಿನ್ನಿ, ಹೊರಡಿ. ಅಡುಗೆ ಎದುರಿಗೇ ಕಾಣುತ್ತೆ. ಒಬ್ಬಳೇ ಬಂದಿದ್ದಾಳೆ ಅಂತ ಯಾರೂ ತಿರುಗಿ ನೋಡಲ್ಲ. ನನ್ನ ಲೆಕ್ಕ ಇಷ್ಟೇ. ಒಂದು ಜಾಗದಲ್ಲಿ ಒಬ್ಬೊಬ್ಬರೇ ಬಂದು ನಿಂತು ಕಾಫಿ ಕುಡೀತಿರೋ ಇಬ್ಬರು ಹೆಂಗಸರು ಕಂಡ್ರೆ ನಾನು ಧೈರ್ಯವಾಗಿ ಒಳಗೆ ಹೋಗ್ತೀನಿ.

ಇನ್ನು ತುಮಕೂರು ಕಡೆಯವರಿಗೆ ಉಪಯೋಗ ಆಗೋ ಒಂದು ವಿಷಯ. 2024ರ ನವೆಂಬರ್‌ನಲ್ಲಿ ಹಸಿರು ಮೆಟ್ರೋ ಮಾದಾವರದವರೆಗೆ ಬಂತು. ಬಸ್ಸಲ್ಲಿ ಬರೋರು ಅಲ್ಲೇ ಇಳಿದು ಮೆಟ್ರೋ ಹತ್ತಿದ್ರೆ ಬೆಂಗಳೂರಿನ ಹಳೇ ತಿಂಡಿ ಜಾಗಗಳು ಒಂದೇ ಸಾಲಲ್ಲಿ ಸಿಗುತ್ತವೆ.

ಸಂಪಿಗೆ ರಸ್ತೆ ಸ್ಟೇಷನ್‌ನಲ್ಲಿ ಇಳಿದ್ರೆ ಮಲ್ಲೇಶ್ವರಂ. ಅಲ್ಲಿನ ಸಿಟಿಆರ್ ಹೋಟೆಲ್‌ನ ಬೆಣ್ಣೆ ಮಸಾಲೆ ದೋಸೆ ಗೊತ್ತಿರುತ್ತೆ. ಬೋರ್ಡ್‌ನಲ್ಲಿ 'ಶ್ರೀ ಸಾಗರ್' ಅಂತ ಇದೆ, ಗಾಬರಿ ಆಗಬೇಡಿ, ಅದೇ ಜಾಗ. ಸ್ವಲ್ಪ ಮುಂದೆ 15ನೇ ಕ್ರಾಸ್ ಹತ್ತಿರ ವೀಣಾ ಸ್ಟೋರ್ಸ್. ಕೂರೋಕೆ ಜಾಗ ಇಲ್ಲ, ಫುಟ್‌ಪಾತ್‌ನಲ್ಲೇ ನಿಂತು ಇಡ್ಲಿ ತಿನ್ನಬೇಕು. ಚಟ್ನಿಗೋಸ್ಕರ ಹೋಗಿ.

ಲಾಲ್‌ಬಾಗ್ ಸ್ಟೇಷನ್ ಕಡೆಯಿಂದ ಎಂಟಿಆರ್. 1924ರಲ್ಲಿ ಶುರುವಾದ ಹೋಟೆಲ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೇ ಇದ್ದಾಗ ರವೆ ಇಡ್ಲಿ ಹುಟ್ಟಿದ್ದು ಇಲ್ಲೇ ಅಂತಾರೆ. ಭಾನುವಾರ ಹೋದ್ರೆ ಬಹಳ ಹೊತ್ತು ಕಾಯಬೇಕು. ವಾರದ ದಿನ ಹೋಗಿ, ರವೆ ಇಡ್ಲಿಗೆ ಕೊಡೋ ಸಾಗು ಬಿಡಬೇಡಿ.

ನ್ಯಾಷನಲ್ ಕಾಲೇಜ್ ಸ್ಟೇಷನ್‌ನಿಂದ ವಿ.ವಿ. ಪುರಂ ತಿಂಡಿ ಬೀದಿ ನಡೆದು ಹೋಗೋ ದೂರ. ಅದು ಸಂಜೆ ಮೇಲೆ ಜೀವ ಬರೋ ಜಾಗ, ಬೆಳಗ್ಗೆ ಹೋಗಿ ನಿರಾಸೆ ಪಡಬೇಡಿ. ವಿ.ಬಿ. ಬೇಕರಿ ಖಾರಾ ಬನ್ ತಿನ್ನಿ. ಅದೇ ಸ್ಟೇಷನ್‌ನಿಂದ ಇನ್ನೂ ಸ್ವಲ್ಪ ನಡೆದ್ರೆ ಗಾಂಧಿ ಬಜಾರ್, ವಿದ್ಯಾರ್ಥಿ ಭವನ. 1943ರಿಂದ ಇದೆ. ಶುಕ್ರವಾರ ರಜಾ, ಇದನ್ನ ಮರೆತು ಬಾಗಿಲ ತನಕ ಹೋಗಿ ವಾಪಸ್ ಬರೋರು ಬಹಳ. ದೋಸೆ ದಪ್ಪ, ಬಣ್ಣ ಕಂದು, ಜೊತೆಗೆ ನೀರು ಚಟ್ನಿ. ಬಡಿಸೋರು ಒಂದೇ ಕೈ ಮೇಲೆ ತಟ್ಟೆ ಮೇಲೆ ತಟ್ಟೆ ಪೇರಿಸಿಕೊಂಡು ಬರೋದನ್ನ ನೋಡೋದೇ ಒಂದು ಖುಷಿ.

ಶಂಕರಪುರಂ ಬ್ರಾಹ್ಮಿನ್ಸ್ ಕಾಫಿ ಬಾರ್‌ನೂ ಇದೇ ಸುತ್ತಲ್ಲಿ ಸೇರಿಸ್ಕೊಳ್ಳಿ. ಸಾಂಬಾರ್ ಕೇಳಬೇಡಿ, ಇರಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ. ಚಟ್ನಿ ಮಾತ್ರ ಎಷ್ಟು ಸಲ ಬೇಕಾದ್ರೂ ಹಾಕ್ತಾರೆ. ಇಷ್ಟೇ ಐಟಂ ಇಟ್ಕೊಂಡು 1965ರಿಂದ ನಡೆಸ್ತಿದ್ದಾರೆ. ಮೆನು ಸಣ್ಣದಿದ್ದಷ್ಟೂ ನನಗೆ ನಂಬಿಕೆ ಜಾಸ್ತಿ. ಒಂದೇ ಅಡುಗೆ ಮನೆಯಲ್ಲಿ ನಾರ್ತ್, ಸೌತ್, ಚೈನೀಸ್, ಚಾಟ್ಸ್, ಪಿಜ್ಜಾ ಅಂತ ಬರೆದಿದ್ರೆ ನಾನು ಕಾಫಿ ಕುಡಿದು ಎದ್ದುಬಿಡ್ತೀನಿ.

ಬಟವಾಡಿ ಬಾಯ್

ಅಕ್ಕ, ಇದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡೆ.

ರಾಬರ್ಟ್‌ಸನ್‌ಪೇಟೆ

ಚಾಟ್ಸ್ ಅಂದ ತಕ್ಷಣ ನೆನಪಾಯ್ತು. ಬಂಗಾರಪೇಟೆ ಪಾನಿಪುರಿ ಬಗ್ಗೆ ಯಾರೂ ಬರೆದಿಲ್ಲ!

ನಾವು ಕೆಜಿಎಫ್‌ನವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮೂರಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಕೆಲಸಕ್ಕೆ ಹೋಗೋರೇ ಜಾಸ್ತಿ. ಬಂಗಾರಪೇಟೆ ದಾಟಿಯೇ ಹೋಗಬೇಕು. ಅಲ್ಲಿನ ಪಾನಿ ಹಸಿರು ಅಲ್ಲ, ಕಂದೂ ಅಲ್ಲ. ನೋಡೋಕೆ ತಿಳಿ ನೀರು. ಲೋಟದಲ್ಲಿ ಕೊಟ್ರೆ ಕುಡಿಯೋ ನೀರು ಅಂದ್ಕೊಂಡುಬಿಡ್ತೀರಾ. ಬಾಯಿಗೆ ಹೋದ ಮೇಲೆ ಖಾರ, ಹುಳಿ ಎರಡೂ ಒಟ್ಟಿಗೆ ಏರುತ್ತೆ. ಬೆಂಗಳೂರಲ್ಲೂ 'ಬಂಗಾರಪೇಟೆ ಚಾಟ್ಸ್' ಹೆಸರಿನ ಗಾಡಿಗಳು ತುಂಬ ಇವೆ. ಪಾನಿ ಬಣ್ಣ ನೋಡಿ. ತಿಳಿಯಾಗಿಲ್ಲ ಅಂದ್ರೆ ಹೆಸರು ಮಾತ್ರ ಬಂಗಾರಪೇಟೆದು.

ಇನ್ನು ಹುಡುಕೋ ವಿಧಾನ. ರೈಲಲ್ಲಿ ಜೊತೆಗೆ ಓಡಾಡೋರನ್ನ ಕೇಳಿ. ನಮ್ಮ ಬೋಗಿಯಲ್ಲಿ ಒಬ್ಬರು ಯಶವಂತಪುರ ಕಡೆ ಕೆಲಸ, ಒಬ್ಬರು ಕಂಟೋನ್ಮೆಂಟ್, ಒಬ್ಬರು ವೈಟ್‌ಫೀಲ್ಡ್. ಒಬ್ಬೊಬ್ಬರಿಗೂ ತಮ್ಮ ಏರಿಯಾದ ಊಟ ಗೊತ್ತು. ತಮ್ಮ ಜೇಬಿನ ದುಡ್ಡು ಕೊಟ್ಟು ತಿಂಗಳುಗಟ್ಟಲೆ ತಿಂದವರ ಮಾತು ಅದು. ಯಾವ ಆ್ಯಪ್‌ಗಿಂತ ಅದನ್ನೇ ನಾನು ನಂಬ್ತೀನಿ.

ಚೆನ್ನೈಗೆ ಹೋದ್ರೆ ಟ್ರಿಪ್ಲಿಕೇನ್ ರತ್ನಾ ಕೆಫೆಗೆ ಹೋಗಿ. ಇಡ್ಲಿ ಮುಳುಗೋವಷ್ಟು ಸಾಂಬಾರ್ ಹುಯ್ಯುತ್ತಾರೆ. ಚಟ್ನಿ ಇಡ್ಲಿ ತಿಂದು ಬೆಳೆದ ತುಮಕೂರಿನವರಿಗೆ ಮೊದಲು ಒಪ್ಪಲಿಕ್ಕಿಲ್ಲ. ಎರಡನೇ ಇಡ್ಲಿಗೆ ಒಪ್ಪುತ್ತೆ.

ಶಿರಾ ಗೇಟ್

ರುಚಿ ಎಲ್ಲ ಸರಿ, ಸ್ವಚ್ಛತೆ ಬಗ್ಗೆ ಯಾರೂ ಹೇಳ್ತಿಲ್ಲ. ನಾನು ಅದನ್ನೇ ಮೊದಲು ನೋಡೋನು.

ಇಡ್ಲಿ ಬಗ್ಗೆ ಇಷ್ಟು ಪ್ರೀತಿಯಿಂದ ಬರೆದಿದ್ದೀರಾ, ಅದಕ್ಕೇ ಇದನ್ನ ಹೇಳಬೇಕು. ಕೆಲವು ಕಡೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಇಡ್ಲಿ ಬೇಯಿಸ್ತಾರೆ. ಬಿಸಿ ಹಬೆಯಲ್ಲಿ ಪ್ಲಾಸ್ಟಿಕ್! 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಇದನ್ನ ಮಾಡಬಾರದು ಅಂತ ಹೇಳಿತು. ಅದಕ್ಕೆ ಮುಂಚೆ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನೂ, ಬಣ್ಣದ ಬಾಂಬೆ ಮಿಠಾಯಿನೂ ನಿಷೇಧ ಮಾಡಿದ್ರು. ಗೋಬಿ ಕಡುಕೆಂಪಗೆ ಹೊಳೀತಿದ್ರೆ ಇವತ್ತಿಗೂ ನಾನು ಗಾಡಿ ಹತ್ತಿರ ಹೋಗಲ್ಲ. ಮೆಣಸಿನಕಾಯಿಂದ ಆ ಬಣ್ಣ ಬರಲ್ಲ.

ಇಡ್ಲಿ ಪಾತ್ರೆ ಮುಚ್ಚಳ ತೆಗೆಯೋವಾಗ ಒಂದು ನೋಟ ಹಾಕಿ. ಬಟ್ಟೆ ಇದೆಯಾ, ಎಣ್ಣೆ ಸವರಿದ ತಟ್ಟೆಯಾ, ಪ್ಲಾಸ್ಟಿಕ್ಕಾ? ಒಂದು ಕ್ಷಣದಲ್ಲಿ ಕಾಣುತ್ತೆ. ಬೋಂಡಾ, ಬಜ್ಜಿ ತಿನ್ನೋರು ಬಾಣಲೆ ನೋಡಿ. ಎಣ್ಣೆ ಕಪ್ಪಾಗಿ, ಗಟ್ಟಿಯಾಗಿ, ಮೇಲೆ ನೊರೆ ಬರ್ತಿದ್ರೆ ಅದು ಮತ್ತೆ ಮತ್ತೆ ಕಾಯಿಸಿದ ಎಣ್ಣೆ. ಬಿಸಿ ಬಜ್ಜೀನ ನ್ಯೂಸ್ ಪೇಪರ್‌ನಲ್ಲಿ ಕೊಟ್ರೆ ಎಲೆ ಅಥವಾ ತಟ್ಟೆ ಕೇಳಿ. ಇಂಕು ಎಣ್ಣೆಗೆ ಅಂಟಿಕೊಳ್ಳುತ್ತೆ. ಅಂಗಡಿ ಗೋಡೆ ಮೇಲೆ ಎಫ್‌ಎಸ್‌ಎಸ್‌ಎಐ, ಅಂದ್ರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿ ಲೈಸೆನ್ಸ್ ನಂಬರ್ ಇರಬೇಕು, ಅದನ್ನೂ ನೋಡಿ.

ಕುಡಿಯೋ ನೀರು ಒಂದನ್ನ ಮಾತ್ರ ನಾನು ಮನೆಯಿಂದಲೇ ತಗೊಂಡು ಹೋಗ್ತೀನಿ.

ಉಪ್ಸಾರು ಪ್ರಿಯ, ಕೋಲಾರ

ಶಿರಾ ಗೇಟ್ ಸಾರ್ ಹೇಳಿದ್ದು ಒಪ್ಪುತ್ತೀನಿ. ಆದ್ರೆ ಗೋಡೆ ಮೇಲೆ ನಂಬರ್ ಇದ್ದ ಮಾತ್ರಕ್ಕೆ ಒಳಗೆ ಕ್ಲೀನ್ ಅಂತ ಅಲ್ಲ. ಕೈ ತೊಳೆಯೋ ಜಾಗ ನೋಡಿ. ಅಲ್ಲಿ ನೀರು, ಸೋಪು ಇದ್ದು ಕೊಳಕಿಲ್ಲ ಅಂದ್ರೆ ಅಡುಗೆ ಮನೆನೂ ಬಹುಪಾಲು ಸರಿ ಇರುತ್ತೆ.

ನಾನು ನಾನ್‌ವೆಜ್ ಕಡೆಯವನು. ಬೆಂಗಳೂರಲ್ಲಿ ಮಿಲ್ಟ್ರಿ ಹೋಟೆಲ್ ಹುಡುಕೋದು ಹೇಗೆ ಅಂತ ಹೇಳ್ತೀನಿ. ಮೊದಲನೇದು, ಹೊತ್ತು. ಮಧ್ಯಾಹ್ನ ಒಂದೂವರೆ ಒಳಗೆ ಹೋಗಬೇಕು. ನಿಜವಾದ ಮಿಲ್ಟ್ರಿ ಹೋಟೆಲ್‌ನಲ್ಲಿ ಕಾಲ್ಸೂಪು, ಮಟನ್ ಚಾಪ್ಸು ಬೇಗ ಖಾಲಿ ಆಗುತ್ತೆ. ಸಂಜೆ ಐದಕ್ಕೂ ಎಲ್ಲ ಐಟಂ ಇದೆ ಅಂದ್ರೆ ಬೆಳಗ್ಗೆಯದು ಉಳಿದಿದೆ ಅಂತ ಅನುಮಾನ ಪಡ್ತೀನಿ. ಜಯನಗರದ ಶಿವಾಜಿ ಮಿಲ್ಟ್ರಿ ಹೋಟೆಲ್, ಕಾಟನ್‌ಪೇಟೆ ಕಡೆ ಎಸ್.ಜಿ. ರಾವ್ಸ್, ಇವೆಲ್ಲ ಮರಾಠಿ ಮನೆತನಗಳ ಹಳೇ ಹೋಟೆಲ್‌ಗಳು. ದೊನ್ನೆ ಬಿರಿಯಾನಿ ತಿನ್ನೋಕೆ ಹೋಗಿ. ಅಕ್ಕಿ ಬಾಸ್ಮತಿ ಅಲ್ಲ, ಸಣ್ಣ ಜೀರಿಗೆ ಸಾಂಬಾ. ಪುದೀನ, ಕೊತ್ತಂಬರಿ ಮಸಾಲೆ. ದೊನ್ನೆಯ ಎಲೆ ವಾಸನೆ ಬಿಸಿ ಅನ್ನಕ್ಕೆ ಹತ್ತಿರುತ್ತೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಪಾರ್ಸಲ್ ತಗೊಂಡ್ರೆ ಅದರ ಅರ್ಧ ಸುಖ ಹೋಯ್ತು.

ಎರಡನೇದು, ಮುದ್ದೆ. ಕೋಲಾರದವನು ಮುದ್ದೆ ಬಗ್ಗೆ ಹೇಳದೇ ಇದ್ರೆ ಹೇಗೆ? ತಟ್ಟೆಗೆ ಬಂದ ಮುದ್ದೆ ಮೇಲೆ ಒದ್ದೆ ಬೆರಳು ಆಡಿಸಿ. ನುಣ್ಣಗೆ ಜಾರಬೇಕು. ಮುರಿದ್ರೆ ಒಳಗೆ ಒಣ ಹಿಟ್ಟಿನ ಗಂಟು ಕಾಣಬಾರದು. ಹೊಗೆ ಆಡ್ತಿರಬೇಕು. ಇದು ಮೂರೂ ಸರಿ ಇದ್ರೆ ಸಾರು ಹೇಗಿದೆ ಅಂತ ಕೇಳದೇ ಕೂತ್ಕೊಳ್ಳಿ. ಮುದ್ದೆ ಕೂಡಿಸೋ ತಾಳ್ಮೆ ಇರೋ ಅಡುಗೆಯವರು ಸಾರನ್ನೂ ಕೆಡಿಸಲ್ಲ.

ವೆಜ್‌ನವರಿಗೂ ಒಂದು ಮಾತು. ಬಸ್ಸಾರು, ಉಪ್ಸಾರು ಬೋರ್ಡ್ ಮೇಲೆ ಬರೆಯೋ ಹೋಟೆಲ್ ಕಡಿಮೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ನಡೆಸೋ ಸಣ್ಣ ಮೆಸ್‌ಗಳಲ್ಲಿ ಸಿಗುತ್ತೆ, ಕೇಳಬೇಕು ಅಷ್ಟೇ. 'ಇವತ್ತು ಯಾವ ಸೊಪ್ಪು ಅಮ್ಮಾ' ಅಂತ ಕೇಳಿ ನೋಡಿ, ಮಾತಾಡಿಸೋ ರೀತಿನೇ ಬದಲಾಗುತ್ತೆ.

ಪಾಸ್ ಪ್ಯಾಸೆಂಜರ್, ತುಮಕೂರು

'ಇವತ್ತು ಯಾವ ಸೊಪ್ಪು', ಇದು ನನಗೆ ಬಹಳ ಹಿಡಿಸಿತು. ಇದಕ್ಕೆ ಇನ್ನೊಂದು ಸೇರಿಸ್ತೀನಿ. ಕಾಲಕ್ಕೆ ತಕ್ಕಂತೆ ಅಡುಗೆ ಬದಲಾಯಿಸೋ ಜಾಗ ಸಿಕ್ಕಿದ್ರೆ ಬಿಡಬೇಡಿ. ಡಿಸೆಂಬರ್, ಜನವರಿ ಹೊತ್ತಿಗೆ ಸೊಗಡು ಅವರೆ ಬಂದಿರುತ್ತೆ. ಆಗ ಉಪ್ಪಿಟ್ಟಿಗೆ ಅವರೆಕಾಳು ಬೀಳ್ತಾ ಇದೆಯಾ, ಹಿತಕಿದ ಬೇಳೆ ಸಾರು ಮಾಡ್ತಾರಾ ನೋಡಿ. ಮಾಡ್ತಾರೆ ಅಂದ್ರೆ ಯಜಮಾನರು ಸ್ವತಃ ಮಾರ್ಕೆಟ್‌ಗೆ ಹೋಗ್ತಾರೆ ಅಂತ ಲೆಕ್ಕ. ವರ್ಷವಿಡೀ ಒಂದೇ ಪಲ್ಯ, ಒಂದೇ ಸಾಗು ಇರೋ ಕಡೆ ನನಗೆ ಎರಡನೇ ಸಲ ಹೋಗೋ ಮನಸ್ಸು ಬರಲ್ಲ.

ಬಾಗೇಪಲ್ಲಿ ಬಸ್ಸು

ನಮಗೆ ದೊಡ್ಡ ಊರು ಅಂದ್ರೆ ಬೆಂಗಳೂರಷ್ಟೇ ಹೈದರಾಬಾದ್ ಕೂಡ. ಎನ್‌ಎಚ್ 44 ಮನೆ ಮುಂದೆ ಹಾದು ಹೋಗುತ್ತೆ, ತೆಲುಗು ಎಲ್ಲರಿಗೂ ಬರುತ್ತೆ. ಭಾಷೆ ಬಂದ್ರೆ ತಿಂಡಿ ಹುಡುಕೋದು ಅರ್ಧ ಸುಲಭ.

ಹೈದರಾಬಾದ್‌ಗೆ ಹೋದ್ರೆ ಎಲ್ಲರೂ ಬಿರಿಯಾನಿ ಅಂತಾರೆ. ನಾನು ಇರಾನಿ ಚಾ ಅಂತೀನಿ. ಡಿಕಾಕ್ಷನ್ ಬೇರೆ, ಹಾಲು ಬೇರೆ ಕಾಯಿಸಿ ಕೊನೆಗೆ ಕಪ್‌ನಲ್ಲಿ ಸೇರಿಸ್ತಾರೆ. ಜೊತೆಗೆ ಉಸ್ಮಾನಿಯಾ ಬಿಸ್ಕತ್ತು. ಚಾರ್‌ಮಿನಾರ್ ಪಕ್ಕ ನಿಮ್ರಾ ಕೆಫೆಯಲ್ಲಿ ಬೆಳಗ್ಗೆ ಬೇಗ ನಿಂತು ಕುಡೀರಿ, ಜನಜಂಗುಳಿ ಶುರುವಾಗೋ ಮುಂಚೆ. ರಾತ್ರಿ ಬಸ್ಸಲ್ಲಿ ನಸುಕಿಗೆ ಇಳಿದವರಿಗೆ ರಾಮ್ ಕಿ ಬಂಡಿ ಇದೆ, ಮೊಜಮ್‌ಜಾಹಿ ಮಾರ್ಕೆಟ್ ಹತ್ತಿರ. ಊರು ಮಲಗಿರೋವಾಗ ಬೆಣ್ಣೆ ದೋಸೆ. ರಂಜಾನ್ ತಿಂಗಳಾದ್ರೆ ಹಲೀಮ್ ತಿನ್ನದೇ ಬರಬೇಡಿ.

ತಿಪಟೂರು ಟು ಮುಂಬೈ

ಮುಂಬೈಗೆ ಬಂದ ಹೊಸದರಲ್ಲಿ ನನಗೆ ಅನ್ನ ಸಾರಿಲ್ಲದೇ ಒದ್ದಾಟ. ಆಫೀಸ್‌ನಲ್ಲಿ ಒಬ್ಬರು ಮಾಟುಂಗಾಗೆ ಹೋಗು ಅಂದ್ರು. ಸ್ಟೇಷನ್ ಹತ್ತಿರವೇ ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ಇದೆ. ಬಾಳೆಎಲೆ ಊಟ, ಬೇಕಾದಷ್ಟು ಬಡಿಸ್ತಾರೆ. ಸುತ್ತ ಮುತ್ತ ಕೆಫೆ ಮದ್ರಾಸ್ ಥರದ ಹಳೇ ಹೋಟೆಲ್‌ಗಳೂ ಇವೆ. ಕಿವಿಗೆ ಕನ್ನಡ ಬೀಳುತ್ತೆ, ಅದಕ್ಕೇ ಅರ್ಧ ಹೊಟ್ಟೆ ತುಂಬುತ್ತೆ.

ಆದ್ರೆ ಒಂದು ಮಾತು ಖಂಡಿತ ಹೇಳ್ತೀನಿ. ನಮ್ಮೂರ ರುಚಿಯನ್ನೇ ಹುಡುಕ್ತಾ ಹೋದ್ರೆ ಆ ಊರು ನಿಮಗೆ ಸಿಗಲ್ಲ. ವಾರಕ್ಕೊಂದು ಸಲ ಮಾಟುಂಗಾ, ಮಿಕ್ಕ ದಿನ ಅಲ್ಲಿನವರು ತಿನ್ನೋದನ್ನೇ ತಿನ್ನಿ. ಮಿಸಳ್, ಸಾಬೂದಾನ ವಡಾ, ಥಾಲಿಪೀಠ್. ಥಾಲಿಪೀಠ್ ಬಾಯಿಗಿಟ್ಟಾಗ ನಮ್ಮ ರೊಟ್ಟಿ ಜ್ಞಾಪಕಕ್ಕೆ ಬಂದು ಖುಷಿ ಆಗುತ್ತೆ.

ಅಮಾನಿಕೆರೆ ವಾಕರ್

ಎಲ್ಲರೂ ಹುಡುಕೋದರ ಬಗ್ಗೆ ಬರೀತಿದ್ದೀರಾ. ಸಿಕ್ಕ ಮೇಲೆ ಏನು ಮಾಡಬೇಕು ಅನ್ನೋದು ನನ್ನ ಚಿಂತೆ.

ನಮ್ಮ ಏರಿಯಾದಲ್ಲಿ ಗಂಡ ಹೆಂಡತಿ ಇಬ್ಬರೇ ಒಂದು ಗಾಡಿ ಇಟ್ಟಿದ್ರು. ಬೆಳಗ್ಗೆ ಚಿತ್ರಾನ್ನ, ಪಲಾವ್, ಅಷ್ಟೇ. ಒಂದು ದೊಡ್ಡ ಪಾತ್ರೆ ಮಾಡೋರು, ಖಾಲಿಯಾದ್ರೆ ಮನೆಗೆ ಹೋಗೋರು. ಯಾರೋ ವಿಡಿಯೋ ಮಾಡಿ ಹಾಕಿದ್ರು. ಮಾರನೇ ವಾರದಿಂದ ಕಾರುಗಳ ಸಾಲು. ದಿನಾ ತಿನ್ನೋ ಪೌರಕಾರ್ಮಿಕರಿಗೆ, ಕಾಲೇಜ್ ಹುಡುಗರಿಗೆ ಸಿಗದ ಹಾಗಾಯ್ತು. ಅವರಿಬ್ಬರೂ ಮೂರು ಪಾತ್ರೆ ಮಾಡೋಕೆ ಹೋಗಿ ಸುಸ್ತಾದ್ರು, ಮೊದಲಿನ ರುಚಿ ಹೋಯ್ತು. ವಿಡಿಯೋ ನೋಡಿ ಬಂದ ಜನ ಎರಡು ತಿಂಗಳಿಗೆ ಬೇರೆ ಕಡೆ ಹೋದ್ರು. ಹಳೇ ಗಿರಾಕಿಗಳು ಆಗಲೇ ಬೇರೆ ಜಾಗ ನೋಡ್ಕೊಂಡಿದ್ರು.

ದಯವಿಟ್ಟು ಇಬ್ಬರೇ ನಡೆಸೋ ಸಣ್ಣ ಗಾಡಿಗಳನ್ನ ಇಂಟರ್‌ನೆಟ್‌ಗೆ ಹಾಕೋ ಮುಂಚೆ ಅವರನ್ನ ಒಂದು ಮಾತು ಕೇಳಿ.

ರಾಬರ್ಟ್‌ಸನ್‌ಪೇಟೆ

ಇದನ್ನ ನಾನು ಪೂರ್ತಿ ಒಪ್ಪಲ್ಲ ಅಣ್ಣ. ನಮ್ಮ ಕಡೆ ವಿಡಿಯೋ ಬಂದ ಮೇಲೆ ವ್ಯಾಪಾರ ನಾಲ್ಕು ಪಟ್ಟಾಗಿ ಮಕ್ಕಳ ಫೀಸ್ ಕಟ್ಟಿದವರನ್ನೂ ನೋಡಿದ್ದೀನಿ. ಅವರ ಹೊಟ್ಟೆಪಾಡು ಅದು. ನಮಗೆ ಬೇಗ ಸಿಗಲಿ ಅಂತ ಅವರ ಹೆಸರು ಮುಚ್ಚಿಡೋದು ಸರಿಯಲ್ಲ.

ಅಮಾನಿಕೆರೆ ವಾಕರ್

ಮುಚ್ಚಿಡಿ ಅಂತ ಹೇಳ್ತಿಲ್ಲ ತಮ್ಮ. ಕೇಳಿ ಅಂತ ಹೇಳ್ತಿದ್ದೀನಿ. ಕೆಲವರಿಗೆ ಬೇಕಿರುತ್ತೆ, ಕೆಲವರಿಗೆ ಬೇಕಿರಲ್ಲ.

ಗುಬ್ಬಿಯವಳು

ಕೇಳೋದು ಸರಿ. ಇನ್ನೊಂದು, ಹಾಕೋದಾದ್ರೆ ಹೊತ್ತು, ಐಟಂ, ರಜಾ ದಿನ ಸೇರಿಸಿ ಹಾಕಿ. 'ಸೂಪರ್ ಟೇಸ್ಟ್, ಮಸ್ಟ್ ಟ್ರೈ' ಅಂತ ಬರೆದ್ರೆ ಯಾರಿಗೆ ಏನು ಉಪಯೋಗ?

ರಿವ್ಯೂ ಓದೋವಾಗ ನಾನು ಐದು ಸ್ಟಾರ್‌ದೂ ಓದಲ್ಲ, ಒಂದು ಸ್ಟಾರ್‌ದೂ ಓದಲ್ಲ. ಮೂರು ಸ್ಟಾರ್ ಕೊಟ್ಟವರು ಸಮಾಧಾನವಾಗಿ ಬರೆದಿರ್ತಾರೆ. ಏನು ಚೆನ್ನಾಗಿತ್ತು, ಏನು ಇರಲಿಲ್ಲ, ಎರಡೂ ಇರುತ್ತೆ. ಹೋಟೆಲ್‌ನವರು ಹಾಕಿದ ಫೋಟೋ ಬಿಟ್ಟು ಗಿರಾಕಿಗಳು ಇತ್ತೀಚೆಗೆ ಹಾಕಿದ ಫೋಟೋ ನೋಡಿ. ಮ್ಯಾಪ್‌ನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಹುಡುಕಿ, 'ಮುದ್ದೆ ಊಟ', 'ಅಕ್ಕಿ ರೊಟ್ಟಿ' ಅಂತ. ಇಂಗ್ಲಿಷ್‌ನಲ್ಲಿ ಕಾಣಿಸದೇ ಇರೋ ಸಣ್ಣ ಮೆಸ್‌ಗಳು ಕೆಲವು ಸಲ ಮೇಲೆ ಬರುತ್ತವೆ.

ಚಿಂತಾಮಣಿ ಮಂಡಿ

ಬೇರೆ ಊರಿನವರು ತುಮಕೂರಿಗೆ ಬಂದ್ರೆ ನಾನು ಕಳಿಸೋದು ಸಿದ್ಧಗಂಗಾ ಮಠಕ್ಕೆ. ಅದು ಹೋಟೆಲ್ ಅಲ್ಲ, ದಾಸೋಹ. ಸಾವಿರಾರು ಮಕ್ಕಳು ಅಲ್ಲೇ ಉಂಡು ಓದ್ತಾರೆ. ಶಿವಕುಮಾರ ಸ್ವಾಮೀಜಿ ನಡೆಸಿಕೊಂಡು ಬಂದಿದ್ದು, 2019ರಲ್ಲಿ ಅವರು ಲಿಂಗೈಕ್ಯರಾದ ಮೇಲೂ ಒಲೆ ಆರಿಲ್ಲ. ಶಿವರಾತ್ರಿ ಹೊತ್ತಿಗೆ ದನಗಳ ಜಾತ್ರೆ ನಡೆಯುತ್ತೆ, ಆಗ ಹೋದ್ರೆ ಸಾಲಲ್ಲಿ ಕೂತು ರೈತರ ಜೊತೆ ಊಟ ಮಾಡಬಹುದು. ತಟ್ಟೆಗೆ ಹಾಕಿಸಿಕೊಂಡಿದ್ದನ್ನ ಬಿಡಬೇಡಿ, ಅಷ್ಟೇ ನಿಯಮ.

ಮುಳಬಾಗಿಲು ಮಗಳು

ಮುಂದಿನ ವಾರ ಹುಬ್ಬಳ್ಳಿಗೆ ಹೋಗ್ತಿದ್ದೀನಿ, ಮದುವೆ ಕೆಲಸಕ್ಕೆ. ಸಂಜೆ ಒಂದೆರಡು ಗಂಟೆ ಬಿಡುವಿರುತ್ತೆ. ಯಾರಾದ್ರೂ ಹೇಳ್ತೀರಾ? ಏನು, ಯಾವ ಹೊತ್ತಿಗೆ?

ಶಿರಾ ಗೇಟ್

ದುರ್ಗದ ಬೈಲ್‌ಗೆ ಹೋಗಿ ಅಕ್ಕ, ಸಂಜೆ ಆರರ ಮೇಲೆ. ಗಿರ್ಮಿಟ್, ಮಿರ್ಚಿ ಭಜಿ. ಗಿರ್ಮಿಟ್ ಪಾರ್ಸಲ್ ತಗೊಳ್ಳಬೇಡಿ. ಕಲಸಿ ಕೊಟ್ಟ ಕೂಡಲೇ ಅಲ್ಲೇ ನಿಂತು ತಿನ್ನಿ, ಐದು ನಿಮಿಷ ಬಿಟ್ರೆ ಮಂಡಕ್ಕಿ ಮೆತ್ತಗಾಗುತ್ತೆ. ಮಿರ್ಚಿ ಬಾಣಲೆಯಿಂದ ಈಗ ತೆಗೆದಿದ್ದನ್ನೇ ಕೇಳಿ.